ಇರಾನ್ ಒಪ್ಪಂದ: ಎರಡು ಸಮೀಕ್ಷೆ, ಎರಡು ಉತ್ತರ ಯಾಕೆ?

ಇರಾನಿನ ಅಣು ಕಾರ್ಯಕ್ರಮಕ್ಕೆ ಮಿತಿ ಹಾಕುವ ಒಪ್ಪಂದಕ್ಕೆ ಒಂದು ಸಮೀಕ್ಷೆಯಲ್ಲಿ ಬೆಂಬಲ, ಇನ್ನೊಂದರಲ್ಲಿ ವಿರೋಧ ಜಾಸ್ತಿ ಬಂದದ್ದು ಯಾಕೆ ಅಂತ ಕೇಳಿದ್ದೀರಿ. ಪ್ರಶ್ನೆಯ ಮಾತು, ಯಾರನ್ನು ಕೇಳಿದರು ಅನ್ನೋದು, ಎರಡೂ ಕಾರಣ ಇರಬೇಕು. ನೀವು ಹೇಳಿದ ಎರಡೂ ಸಮೀಕ್ಷೆ 2015ರ ಜುಲೈನವು, ಕೇಳಿದ್ದು ಅಮೆರಿಕನ್ನರನ್ನೇ. ವಾಷಿಂಗ್ಟನ್ ಪೋಸ್ಟ್-ಎಬಿಸಿಯವರು ಇರಾನ್ ಮೇಲಿನ ಆರ್ಥಿಕ ನಿರ್ಬಂಧದ ಸಡಿಲಿಕೆ, ಅಲ್ಲಿನ ಅಣು ಕೇಂದ್ರಗಳ ತಪಾಸಣೆ ಎಲ್ಲ ವಿವರಿಸಿ ಕೇಳಿದರು. 56% ಜನ ಬೆಂಬಲಿಸಿದರು. ಪ್ಯೂ ಅನ್ನೋ ಸಮೀಕ್ಷಾ ಸಂಸ್ಥೆ ಏನೂ ವಿವರಿಸದೆ, ಒಪ್ಪಂದದ ಸುದ್ದಿ ಕಿವಿಗೆ ಬಿದ್ದಿದ್ದವರನ್ನಷ್ಟೇ ವಿಚಾರಿಸಿತು. ಅಲ್ಲಿ ವಿರೋಧವೇ ಜಾಸ್ತಿ. ಈ ಎರಡು ಕಾರಣಗಳಲ್ಲಿ ಯಾವುದರ ಪಾಲು ಎಷ್ಟು ಅಂತ ಬಿಡಿಸಿ ಹೇಳೋದು ಕಷ್ಟ.

ಇಂಥ ಸಮೀಕ್ಷೆ ನೋಡಿದಾಗ, ಮೊದಲು ಅದರ ವರದಿಯ ಕೊನೆಯಲ್ಲಿರುವ ಪೂರ್ತಿ ಪ್ರಶ್ನೆ ಓದಿ. ತಲೆಬರಹ ನಂಬಬೇಡಿ. ಆಮೇಲೆ ಯಾರನ್ನು ಕೇಳಿದ್ದಾರೆ ನೋಡಿ. ಇರಾನ್ ಮೇಲೆ ದಾಳಿ ಮಾಡಬೇಕಾ ಅನ್ನೋ ಪ್ರಶ್ನೆಯಾದರೆ, 'ಮಾತುಕತೆ ಮುರಿದುಬಿದ್ದರೆ' ಅನ್ನೋ ಷರತ್ತು ಇದೆಯಾ ಗಮನಿಸಿ. ಆ ಎರಡು ಪದ ಉತ್ತರವನ್ನೇ ತಿರುಗಿಸಬಹುದು. ಅಭಿಪ್ರಾಯ ಬದಲಾಗಿದೆಯಾ ತಿಳಿಯಲು ಒಂದೇ ಸಂಸ್ಥೆ ಅದೇ ಮಾತಿನಲ್ಲಿ ಮತ್ತೆ ಕೇಳಿದ್ದನ್ನು ಮಾತ್ರ ಹೋಲಿಸಿ.