ಸೋತವರ ಪರ ವಕಾಲತ್ತು

ಪ್ರ: ಮೇಡಂ, ಯಾರು ಗೆಲ್ಲಬೇಕು ಅಂತ ಮೊದಲೇ ತೀರ್ಮಾನ ಆಗಿರುತ್ತೆ. ಅದು ಗೊತ್ತಿದ್ದೂ ಈ ರೆಸ್ಲಿಂಗನ್ನು ಹೇಗೆ ಉಸಿರು ಬಿಗಿಹಿಡಿದು ನೋಡ್ತೀರಿ?

ಉ: ಅದೇನು ಗುಟ್ಟಲ್ಲವಲ್ಲ. 1989ರಲ್ಲಿ ವಿನ್ಸ್ ಮೆಕ್‌ಮಹನ್ ಕಂಪನಿಯವರೇ (ಈಗ ಡಬ್ಲ್ಯೂಡಬ್ಲ್ಯೂಇ ಅನ್ನುವುದು ಅದನ್ನೇ) ನ್ಯೂಜೆರ್ಸಿಯ ಶಾಸಕರ ಮುಂದೆ ‘ಇದು ಮನರಂಜನೆ, ಸ್ಪರ್ಧೆಯಲ್ಲ’ ಎಂದು ಒಪ್ಪಿಕೊಂಡರು. ಸತ್ಯದ ಮೇಲೆ ಪ್ರೀತಿ ಉಕ್ಕಿ ಹೇಳಿದ್ದೇನಲ್ಲ, ಕ್ರೀಡಾ ಆಯೋಗದ ಹಿಡಿತದಿಂದ ತಪ್ಪಿಸಿಕೊಳ್ಳಲು ಹೇಳಿದ್ದು. ಅವರು ಒಪ್ಪಿಕೊಂಡು ಮೂರು ದಶಕ ದಾಟಿತು, ನನಗೆ ಈ ಪ್ರಶ್ನೆ ಬರುವುದು ಮಾತ್ರ ನಿಂತಿಲ್ಲ.

ತೀರ್ಮಾನವಾಗಿರುವುದು ಫಲಿತಾಂಶ, ಜೊತೆಗೆ ಮುಖ್ಯವಾದ ಕೆಲವು ಪಟ್ಟುಗಳು. ನಡುವಿನದನ್ನು ಎಷ್ಟೋ ಸಲ ರಿಂಗಿನೊಳಗೇ ಕಟ್ಟುತ್ತಾರೆ. ಒಬ್ಬ ಇನ್ನೊಬ್ಬನ ಕತ್ತು ತಬ್ಬಿ ನೆಲದ ಮೇಲೆ ಕೂತಿರುತ್ತಾನೆ, ಮುಖ ಕೂದಲಲ್ಲಿ ಮುಚ್ಚಿರುತ್ತದೆ. ನಾವು ‘ಏನು ಬೋರು’ ಅಂತ ಆಕಳಿಸುವ ಆ ಹೊತ್ತಿನಲ್ಲೇ ಅವರು ಮುಂದಿನದೇನು ಎಂದು ಪಿಸುಗುಟ್ಟುತ್ತಿರುತ್ತಾರೆ. ಅಮೆರಿಕದವರು ಸಾಮಾನ್ಯವಾಗಿ ಎದುರಾಳಿಯ ಎಡಗೈ ಎಡಗಾಲನ್ನೇ ಹಿಡಿಯುತ್ತಾರೆ, ಮೆಕ್ಸಿಕೋದವರು ಬಲಗಡೆಯದನ್ನು. ಮುಂದಿನ ಸಲ ಗಮನಿಸಿ. ಇನ್ನು ನೆಲದ ವಿಚಾರ: ಉಕ್ಕಿನ ತೊಲೆಗಳ ಮೇಲೆ ಮರದ ಹಲಗೆ, ಅದರ ಮೇಲೆ ತೆಳ್ಳಗೆ ಫೋಮು, ಮೇಲೊಂದು ಕ್ಯಾನ್ವಾಸು. ಅಷ್ಟೇ. ಆ ಹಲಗೆಗೆ ಯಾರೂ ಸ್ಕ್ರಿಪ್ಟ್ ಕೊಟ್ಟಿರುವುದಿಲ್ಲ.

ನಾನು ನೋಡುವುದು ಸೋಲುವವನನ್ನು. ಗೆಲ್ಲುವವನಿಗೆ ಕೈ ಎತ್ತಿ ನಿಂತರೆ ಕೆಲಸ ಮುಗಿಯಿತು. ಅವನು ಹೊಡೆದದ್ದು ನಿಜಕ್ಕೂ ಪೆಟ್ಟು ಎಂದು ನಮ್ಮನ್ನು ನಂಬಿಸುವವನು ಕೆಳಗೆ ಬಿದ್ದಿರುತ್ತಾನೆ.

ಪ್ರ: ನಿಮ್ಮ ಲೆಕ್ಕದಲ್ಲಿ ಸಾರ್ವಕಾಲಿಕ ಶ್ರೇಷ್ಠ ಪಂದ್ಯ ಯಾವುದು? ಒಂದೇ ಹೆಸರು ಹೇಳಬೇಕು, ಜಾರಿಕೊಳ್ಳಬಾರದು.

ಉ: ರ‍್ಯಾಂಡಿ ಸ್ಯಾವೇಜ್ ಮತ್ತು ರಿಕಿ ಸ್ಟೀಮ್‌ಬೋಟ್, ಆ ಕಂಪನಿಯ ವರ್ಷದ ದೊಡ್ಡ ಜಾತ್ರೆಯಾದ ರೆಸಲ್‌ಮೇನಿಯಾ 3, 1987ರ ಮಾರ್ಚ್ 29, ಪಾಂಟಿಯಾಕ್ ಸಿಲ್ವರ್‌ಡೋಮ್. ಹದಿನೈದು ನಿಮಿಷವೂ ಇಲ್ಲ. 1986ರ ಕೊನೆಯಲ್ಲಿ ಸ್ಯಾವೇಜ್ ರಿಂಗಿನ ಗಂಟೆಯನ್ನೇ ಎತ್ತಿಕೊಂಡು ಮೇಲಿನಿಂದ ಹಾರಿ ಸ್ಟೀಮ್‌ಬೋಟ್‌ನ ಗಂಟಲಿಗೆ ಹೊಡೆದಿದ್ದ, ಕಥೆಯ ಪ್ರಕಾರ ಗಂಟಲು ಜಜ್ಜಿಹೋಗಿತ್ತು. ಸೇಡು ತೀರಿಸಿಕೊಳ್ಳುವ ಪಂದ್ಯ ಇದು. ಸ್ಯಾವೇಜ್ ಎಂಥ ಕಟ್ಟುನಿಟ್ಟಿನ ಆಸಾಮಿ ಎಂದರೆ ಒಂದೊಂದು ಪಟ್ಟಿಗೂ ನಂಬರು ಹಾಕಿ ಬರೆದಿಟ್ಟುಕೊಂಡು, ಇಂಥ ನಂಬರಿನ ಮುಂದೆ ಯಾವುದು ಎಂದು ಸ್ಟೀಮ್‌ಬೋಟ್‌ಗೆ ಒಪ್ಪಿಸಲು ಹೇಳುತ್ತಿದ್ದ. ಮೇಲೆ ಹೇಳಿದ ಪಿಸುಮಾತಿನ ಪದ್ಧತಿಗೆ ತೀರಾ ವಿರುದ್ಧ. ಆದರೂ ನೋಡುವಾಗ ಒಂದು ಕ್ಷಣವೂ ಬಾಯಿಪಾಠ ಅನ್ನಿಸುವುದಿಲ್ಲ.

ಕೊನೆಗೆ ಸ್ಯಾವೇಜ್ ಅದೇ ಗಂಟೆಗೆ ಕೈಹಾಕುತ್ತಾನೆ. ಸ್ಟೀಮ್‌ಬೋಟ್ ಪರವಾಗಿ ಹೊರಗೆ ನಿಂತಿದ್ದ ಜಾರ್ಜ್ ಸ್ಟೀಲ್ ಅವನನ್ನು ಕೆಳಕ್ಕೆ ತಳ್ಳುತ್ತಾನೆ. ಎದ್ದು ಬಂದ ಸ್ಯಾವೇಜ್ ಸ್ಟೀಮ್‌ಬೋಟ್‌ನನ್ನು ಎತ್ತಿ ಬಡಿಯಲು ಹೋಗುತ್ತಾನೆ, ಸ್ಟೀಮ್‌ಬೋಟ್ ಅಲ್ಲಿಂದಲೇ ಅವನನ್ನು ಮುದ್ದೆ ಮಾಡಿ ಮಗುಚಿ, ಭುಜಗಳನ್ನು ನೆಲಕ್ಕೊತ್ತಿ, ರೆಫರಿ ಮೂರು ಎಣಿಸುವ ತನಕ ಹಿಡಿದು ಗೆದ್ದುಬಿಡುತ್ತಾನೆ. ಸ್ಯಾವೇಜ್‌ನ ಮುಖದಲ್ಲಿ ‘ಇದೇನಾಗಿಹೋಯ್ತು’ ಎನ್ನುವ ಗಾಬರಿ. ಪ್ರಶಸ್ತಿ ಸ್ಟೀಮ್‌ಬೋಟ್‌ನದು, ಪಂದ್ಯ ಸ್ಯಾವೇಜ್‌ನದು.

ಅವತ್ತು ಕ್ರೀಡಾಂಗಣ ತುಂಬಿದ್ದು ಇವರಿಗಾಗಿ ಅಲ್ಲ, ಹಲ್ಕ್ ಹೋಗನ್ ದೈತ್ಯ ಆಂಡ್ರೆಯನ್ನು ಎತ್ತುತ್ತಾನಾ ಎಂದು ನೋಡಲು. ಎತ್ತಿದ, ಬಡಿದ, ಅದು ಚರಿತ್ರೆಯಾಯಿತು. ಆದರೆ ಬೆನ್ನುನೋವಿನಿಂದ ನಿಲ್ಲುವುದೇ ಕಷ್ಟವಾಗಿದ್ದ ಆಂಡ್ರೆ ಮನಸ್ಸು ಮಾಡದಿದ್ದರೆ ಆ ದೇಹವನ್ನು ಎತ್ತುವ ಗಂಡು ಭೂಮಿ ಮೇಲಿರಲಿಲ್ಲ. ಪಂದ್ಯದ ಶುರುವಿನಲ್ಲೇ ಹೋಗನ್ ಎತ್ತಲು ಹೋಗಿ ಕುಸಿಯುತ್ತಾನಲ್ಲ, ಆಂಡ್ರೆ ಅವನ ಮೇಲೆ ಬಿದ್ದು ಇನ್ನೇನು ಮೂರು ಎಣಿಕೆ ಮುಗಿಯಿತು ಅನ್ನಿಸುತ್ತದಲ್ಲ, ಅದು ಇಲ್ಲದಿದ್ದರೆ ಕೊನೆಯ ಎತ್ತುವಿಕೆಗೆ ಕಾಸಿನ ಬೆಲೆಯಿಲ್ಲ.

ಪ್ರ: ಹೆಣ್ಣುಮಕ್ಕಳು ಇದನ್ನೆಲ್ಲ ನೋಡೋದೇ ಅಪರೂಪ. ನಿಜ ಹೇಳಿ, ಉತ್ತರಗಳನ್ನು ನಿಮ್ಮ ಯಜಮಾನರು ಬರೆದುಕೊಡ್ತಾರೆ ತಾನೇ?

ಉ: ನಮ್ಮ ಯಜಮಾನರಿಗೆ ಕಾಲು ಹೆಣೆದು ಬಿಗಿಯುವ ಪಟ್ಟುಗಳಾದ ಶಾರ್ಪ್‌ಶೂಟರ್‌ಗೂ ಫಿಗರ್ ಫೋರ್‌ಗೂ ಇರುವ ವ್ಯತ್ಯಾಸ ಗೊತ್ತಿಲ್ಲ. ನಿಮಗೆ?

ಪ್ರ: ಹಣೆಯಿಂದ ಸುರಿಯುವ ರಕ್ತ ನಿಜವೋ, ಬಣ್ಣದ ನೀರೋ?

ಉ: ಬಹುಪಾಲು ನಿಜ. ಕೈಕಟ್ಟಿನ ಪಟ್ಟಿಯಲ್ಲೋ ಬೆರಳಿನ ಟೇಪಿನಲ್ಲೋ ಬ್ಲೇಡಿನ ಸಣ್ಣ ಚೂರು ಬಚ್ಚಿಟ್ಟುಕೊಂಡು, ಮುಖ ಮರೆಯಾದಾಗ ಹಣೆಯ ಮೇಲೆ ಗೀರಿಕೊಳ್ಳುತ್ತಾರೆ. ಬೆವರಿನ ಜೊತೆ ಸೇರಿ ಚಿಕ್ಕ ಗಾಯವೂ ದೊಡ್ಡದಾಗಿ ಕಾಣುತ್ತದೆ. ನನಗೆ ಈ ಪದ್ಧತಿ ಇಷ್ಟವಿಲ್ಲ. ಹತ್ತರಲ್ಲಿ ಒಂಬತ್ತು ಸಲ ಅದು ಸೋಮಾರಿತನ, ಕಥೆ ಕಟ್ಟಲು ಬಾರದವರು ರಕ್ತ ಸುರಿಸುತ್ತಾರೆ.

ಹತ್ತನೆಯದು 1997ರ ಮಾರ್ಚ್ 23, ರೆಸಲ್‌ಮೇನಿಯಾ 13, ಬ್ರೆಟ್ ಹಾರ್ಟ್ ಮತ್ತು ಸ್ಟೋನ್ ಕೋಲ್ಡ್ ಸ್ಟೀವ್ ಆಸ್ಟಿನ್. ಬ್ರೆಟ್ ಒಳ್ಳೆಯವನಾಗಿ ಬಂದ, ಆಸ್ಟಿನ್ ಖಳನಾಗಿ ಬಂದ. ಆಸ್ಟಿನ್‌ನ ಹಣೆ ಗೀರಿದ್ದು ಬ್ರೆಟ್‌ನೇ, ಅವನ ಒಪ್ಪಿಗೆ ಪಡೆದೇ. ಕೊನೆಯಲ್ಲಿ ಶಾರ್ಪ್‌ಶೂಟರ್ ಬಿಗಿಯುತ್ತದೆ. ಆಸ್ಟಿನ್ ಅಂಗೈ ಊರಿ ಎದೆ ಎತ್ತುತ್ತಾನೆ, ಹಲ್ಲಿನ ಸಂದುಗಳಲ್ಲಿ ರಕ್ತ ಇಳಿಯುತ್ತಿದೆ, ಬಾಯಿ ತೆರೆದು ಕಿರುಚುತ್ತಿದ್ದಾನೆ, ಆದರೆ ‘ಸಾಕು’ ಎಂಬ ಮಾತು ಬರುವುದಿಲ್ಲ. ಹಾಗೇ ಪ್ರಜ್ಞೆ ತಪ್ಪುತ್ತಾನೆ. ಅತಿಥಿ ರೆಫರಿ ಕೆನ್ ಶ್ಯಾಮ್‌ರಾಕ್ ಪಂದ್ಯ ನಿಲ್ಲಿಸುತ್ತಾನೆ. ಬ್ರೆಟ್ ಅಷ್ಟಕ್ಕೂ ಬಿಡದೆ ಬಿದ್ದವನ ಕಾಲಿಗೆ ಮತ್ತೆ ಹೊಡೆಯುತ್ತಾನೆ. ಅಲ್ಲಿಗೆ ಜನ ಪಕ್ಷ ಬದಲಿಸಿದರು. ಆಸ್ಟಿನ್ ಯಾರ ಆಸರೆಯೂ ಬೇಡವೆಂದು ಕುಂಟುತ್ತಾ ಹೊರನಡೆದಾಗ ಅವನಿಗೆ ಜೈಕಾರ, ಗೆದ್ದ ಬ್ರೆಟ್‌ಗೆ ಧಿಕ್ಕಾರ. ಒಂದೇ ಪಂದ್ಯದಲ್ಲಿ ಇಬ್ಬರ ಪಾತ್ರವೂ ಅದಲುಬದಲು. ಸೋತು ಮೇಲೇರಿದವರಲ್ಲಿ ಆಸ್ಟಿನ್‌ಗೆ ಮೊದಲ ಸ್ಥಾನ, ಎರಡನೆಯದು ಖಾಲಿ ಇದೆ.

ಪ್ರ: ಗ್ರೇಟ್ ಖಲಿ ಬಗ್ಗೆ ನೀವು ಬಾಯಿ ಬಿಡೋದೇ ಇಲ್ಲ. ನಮ್ಮವರು ಅಂತ ತಾತ್ಸಾರವೇ?

ಉ: ನಮ್ಮವರು ಅಂತ ಸಂಕೋಚ. 2006ರ ಮೇನಲ್ಲಿ ಸತ್ತವರ ಲೋಕದವನ ವೇಷದ ಅಂಡರ್‌ಟೇಕರ್‌ನನ್ನು ಕಾಲಡಿ ಹಾಕಿಕೊಂಡು ಗೆದ್ದಾಗ ರೋಮಾಂಚನವಾಗಿದ್ದು ನಿಜ. 2007ರ ಜುಲೈನಲ್ಲಿ ವಿಶ್ವ ಹೆವಿವೇಟ್ ಬೆಲ್ಟ್ ಗೆದ್ದರು, ಸೆಪ್ಟೆಂಬರ್‌ನಲ್ಲಿ ಬಟಿಸ್ಟಾಗೆ ಬಿಟ್ಟುಕೊಟ್ಟರು. ನಡೆದು ಬರುವಾಗ ಅವರಷ್ಟು ಭಯ ಹುಟ್ಟಿಸಿದವರು ಕಡಿಮೆ. ಗಂಟೆ ಹೊಡೆದ ಮೇಲೆ ಭಯ ನಮಗಲ್ಲ, ಅವರ ಮೊಣಕಾಲಿಗೆ.

ಪ್ರ: ನನ್ನ ಹತ್ತು ವರ್ಷದ ಮಗ ತಂಗಿಯನ್ನು ತಲೆಕೆಳಗು ಮಾಡಿ ಎತ್ತಿ ‘ಟೂಂಬ್‌ಸ್ಟೋನ್’ ಅಂತಾನೆ. ಬೈದರೆ ‘ಅವರಿಗೇನೂ ಆಗಲ್ವಲ್ಲ’ ಅಂತಾನೆ. ಏನು ಹೇಳಲಿ ಅಕ್ಕಾ?

ಉ: ಇದಕ್ಕೆ ತಮಾಷೆ ಮಾಡುವುದಿಲ್ಲ. ಮಗನನ್ನು ಪಕ್ಕ ಕೂರಿಸಿಕೊಂಡು ಈ ಕಥೆ ಹೇಳಿ. 1997ರ ಆಗಸ್ಟ್ 3, ಸಮ್ಮರ್‌ಸ್ಲ್ಯಾಮ್ ಎಂಬ ಕೂಟ. ಓವೆನ್ ಹಾರ್ಟ್ ಆಗಿನ ಕಾಲದ ಅತ್ಯಂತ ಕುಶಲ ಕುಸ್ತಿಪಟುಗಳಲ್ಲಿ ಒಬ್ಬ. ಅವನು ಆಸ್ಟಿನ್‌ನನ್ನು ತಲೆಕೆಳಗು ಹಿಡಿದು ಪೈಲ್‌ಡ್ರೈವರ್ ಹಾಕಿದ. ನಿಮ್ಮ ಮಗ ಹೇಳುವ ಟೂಂಬ್‌ಸ್ಟೋನ್ ಕೂಡ ಪೈಲ್‌ಡ್ರೈವರೇ, ಅದನ್ನು ಹಾಕುವಾಗ ಅಂಡರ್‌ಟೇಕರ್ ಮಂಡಿಯೂರುತ್ತಾನೆ, ಓವೆನ್ ಕುಳಿತುಬಿಟ್ಟ. ಆಸ್ಟಿನ್‌ನ ತಲೆ ಅವನ ತೊಡೆಗಿಂತ ಕೆಳಗೆ ಇಳಿದಿತ್ತು. ನೆತ್ತಿ ನೇರ ಹಲಗೆಗೆ. ಆಸ್ಟಿನ್‌ಗೆ ಕೈಕಾಲಿನ ಸ್ವಾಧೀನವೇ ತಪ್ಪಿತು. ಓವೆನ್ ಹೊತ್ತು ಕಳೆಯಲು ಜನರನ್ನು ಛೇಡಿಸುತ್ತಾ ರಿಂಗಿನಲ್ಲಿ ಸುತ್ತಾಡಿದ. ಸ್ವಲ್ಪ ಹೊತ್ತಾದ ಮೇಲೆ ಆಸ್ಟಿನ್ ತೆವಳಿಕೊಂಡು ಬಂದು, ಹಿಡಿತವೇ ಇಲ್ಲದ ಕೈಯಲ್ಲಿ ಹಿಂದಿನಿಂದ ಅವನನ್ನು ಮಗುಚಿದ, ಓವೆನ್ ತಾನೇ ಬಿದ್ದುಕೊಂಡು ಮೂರು ಎಣಿಸಲು ಬಿಟ್ಟ. ಆ ಕತ್ತಿನ ಪೆಟ್ಟು ಕೊನೆಗೂ ಬಿಡಲಿಲ್ಲ, 2003ರಲ್ಲಿ ಆಸ್ಟಿನ್ ಪೂರ್ಣಾವಧಿ ಕುಸ್ತಿ ಬಿಡಬೇಕಾಯಿತು. ಡಬ್ಲ್ಯೂಡಬ್ಲ್ಯೂಇಯಲ್ಲಿ ಆಮೇಲೆ ಪೈಲ್‌ಡ್ರೈವರ್‌ಗೆ ನಿಷೇಧ ಬಂತು, ಅಂಡರ್‌ಟೇಕರ್ ಮತ್ತು ಕೇನ್‌ಗೆ ಮಾತ್ರ ವಿನಾಯಿತಿ.

ಇಬ್ಬರೂ ನುರಿತವರು, ಒಬ್ಬರ ಜೀವ ಒಬ್ಬರ ಕೈಲಿದೆ ಎಂದು ಗೊತ್ತಿದ್ದವರು. ಆದರೂ ಹೀಗಾಯಿತು. ಕುಸ್ತಿಪಟುಗಳು ಮೊದಲು ತಿಂಗಳುಗಟ್ಟಲೆ ಬೀಳುವುದನ್ನೇ ಕಲಿಯುತ್ತಾರೆ: ಗದ್ದ ಎದೆಗೆ ಒತ್ತಿಕೊಂಡು, ಬೆನ್ನು ಚಪ್ಪಟೆ ಮಾಡಿ, ಅಂಗೈ ನೆಲಕ್ಕೆ ಬಡಿದು. ಅವನ ತಂಗಿಗೆ ಅದನ್ನು ಯಾರು ಕಲಿಸಿದ್ದಾರೆ ಅಂತ ಅವನನ್ನೇ ಕೇಳಿ. ಅದಕ್ಕೂ ಬಗ್ಗದಿದ್ದರೆ ಟಿವಿ ಆಫ್ ಮಾಡಿ, ನನ್ನ ಹೆಸರು ಹೇಳಿ.

ಪ್ರ: ರೆಸಲ್‌ಮೇನಿಯಾದಲ್ಲಿ ಅಂಡರ್‌ಟೇಕರ್‌ನ ಅಜೇಯ ಓಟವನ್ನು ಮುರಿದದ್ದು ಸರಿಯೇ?

ಉ: ಮುರಿದದ್ದು ಸರಿ, ಮುರಿದವನು ತಪ್ಪು. 2014ರ ಏಪ್ರಿಲ್ 6ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಬ್ರಾಕ್ ಲೆಸ್ನರ್ ಗೆದ್ದು, ಪರದೆಯ ಮೇಲೆ 21-1 (ಇಪ್ಪತ್ತೊಂದು ಗೆಲುವು, ಒಂದು ಸೋಲು) ಎಂದು ಬಂದಾಗ ಕ್ರೀಡಾಂಗಣಕ್ಕೆ ಕ್ರೀಡಾಂಗಣವೇ ಬಾಯಿ ಕಳೆದುಕೊಂಡು ಕೂತಿತು. ಆದರೆ ಲೆಸ್ನರ್‌ಗೆ ಅದು ಬೇಕಿರಲಿಲ್ಲ, ಅವನು ಆಗಲೇ ಲೆಸ್ನರ್ ಆಗಿದ್ದ. ಯಾವನಾದರೂ ಹಸಿದ ಹುಡುಗನಿಗೆ ಕೊಡಬೇಕಿತ್ತು.

ಆ ಸರಣಿಯಲ್ಲಿ ನಾನು ಮತ್ತೆ ಮತ್ತೆ ನೋಡುವುದು 2009ರಲ್ಲಿ ಹ್ಯೂಸ್ಟನ್‌ನಲ್ಲಿ ಶಾನ್ ಮೈಕಲ್ಸ್ ಜೊತೆ ನಡೆದದ್ದು. ಅಂಡರ್‌ಟೇಕರ್ ಹಗ್ಗದ ಮೇಲಿಂದ ಹೊರಗೆ ಹಾರುತ್ತಾನೆ, ಹಿಡಿಯಬೇಕಾದವನು ಸರಿಯಾಗಿ ಹಿಡಿಯುವುದಿಲ್ಲ, ಅಷ್ಟೆತ್ತರದ ಮನುಷ್ಯ ತಲೆಯ ಮೇಲೆ ಬೀಳುತ್ತಾನೆ. ಈಗ ನೋಡಿದರೂ ಕಣ್ಣು ಮುಚ್ಚಿಕೊಳ್ಳುತ್ತೇನೆ. ಎದ್ದು ಬಂದು ಪಂದ್ಯ ಮುಂದುವರಿಸಿದ. ಟೂಂಬ್‌ಸ್ಟೋನ್ ಹಾಕಿದ ಮೇಲೂ ಮೈಕಲ್ಸ್ ಎರಡರ ಎಣಿಕೆಗೆ ಭುಜ ಎತ್ತಿದಾಗ ಅಂಡರ್‌ಟೇಕರ್‌ನ ಕಣ್ಣು ನೋಡಬೇಕು. ಸತ್ತವರ ಲೋಕದಿಂದ ಬಂದವನೆಂಬ ವೇಷ ಒಂದು ಗಳಿಗೆ ಕಳಚಿ, ಬೆಚ್ಚಿದ ಮನುಷ್ಯನೊಬ್ಬ ಇಣುಕುತ್ತಾನೆ. ಮರುವರ್ಷ ಮೈಕಲ್ಸ್ ಮತ್ತೆ ಸೋತು ನಿವೃತ್ತಿಯಾದ. ಆ 21ರ ಲೆಕ್ಕಕ್ಕೆ ತೂಕ ಬಂದದ್ದು ಈ ಎರಡು ಸೋಲಿನಿಂದ ಎಂದರೆ ಅಂಡರ್‌ಟೇಕರ್ ಅಭಿಮಾನಿಗಳು ಮುನಿಸಿಕೊಳ್ಳಬಾರದು.

ಪ್ರ: ಮಹಿಳೆಯರ ಪಂದ್ಯ ಬಂದರೆ ಎದ್ದು ಹೋಗುವುದು ನನ್ನ ಅಭ್ಯಾಸ. ನಾನು ಏನನ್ನಾದರೂ ಕಳೆದುಕೊಂಡಿದ್ದೇನಾ?

ಉ: 2015ರ ಫೆಬ್ರವರಿ ತನಕ ನಿಮ್ಮನ್ನು ದೂರುವುದಿಲ್ಲ. ಆ ತಿಂಗಳು ನಾಲ್ವರು ಹೆಣ್ಣುಮಕ್ಕಳ ಪಂದ್ಯವೊಂದನ್ನು ಅರ್ಧ ನಿಮಿಷದಲ್ಲಿ ಮುಗಿಸಿಬಿಟ್ಟರು, ನೀವು ಎದ್ದು ಹೋಗುವಷ್ಟೂ ಸಮಯವಿರಲಿಲ್ಲ. ಅಭಿಮಾನಿಗಳು ರೇಗಿ ‘ಅವರಿಗೂ ಅವಕಾಶ ಕೊಡಿ’ ಎಂದು ಗಲಾಟೆ ಎಬ್ಬಿಸಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಂಪನಿಯ ಹೊಸಬರ ವಿಭಾಗವಾದ ಎನ್‌ಎಕ್ಸ್‌ಟಿಯಲ್ಲಿ ಸಾಶಾ ಬ್ಯಾಂಕ್ಸ್ ಮತ್ತು ಬೇಲಿ ಅರ್ಧ ಗಂಟೆ ಸೆಣಸಿದರು. ಮುಂದಿನ ಸಾಲಿನಲ್ಲಿ ಬೇಲಿಯ ಪುಟ್ಟ ಅಭಿಮಾನಿಯೊಬ್ಬಳು, ಅವಳಂತೆಯೇ ತಲೆಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದಳು. ಸಾಶಾ ಪಂದ್ಯದ ನಡುವೆ ಹೋಗಿ ಆ ಪಟ್ಟಿಯನ್ನು ಕಿತ್ತುಕೊಂಡಳು. ಮಗು ಅತ್ತೇಬಿಟ್ಟಿತು. ಖಳರಾಗಿ ಬಂದವರು ಕುರ್ಚಿಯಲ್ಲಿ ಬಡಿದಿದ್ದಾರೆ, ಕಾರು ಹತ್ತಿಸಿದ್ದಾರೆ, ಇಷ್ಟು ನೀಚತನ ಯಾರಿಗೂ ಹೊಳೆದಿರಲಿಲ್ಲ! ಅರ್ಧ ಗಂಟೆಯಲ್ಲಿ ಹೆಚ್ಚು ಸಲ ಮಣಿಸಿದವರಿಗೆ ಗೆಲುವು, ಬೇಲಿ 3-2ರಲ್ಲಿ ಗೆದ್ದಳು. ನನ್ನ ಓಟು ಯಾರಿಗೆ ಅಂತ ಹೇಳಬೇಕಾಗಿಲ್ಲ.

ಪ್ರ: ಜಾನ್ ಸೀನಾನನ್ನು ಕೊನೇ ಪಂದ್ಯದಲ್ಲಿ ಸೋಲಿಸಿದ್ದು ಅವಮಾನ ಅಲ್ಲವೇ? ಅದೂ ಟ್ಯಾಪ್ ಮಾಡಿಸಿ!

ಉ: 2025ರ ಡಿಸೆಂಬರ್ 13ರ ರಾತ್ರಿ ವಾಷಿಂಗ್ಟನ್‌ನಲ್ಲಿ ನೆರೆದವರೂ ನಿಮ್ಮ ಹಾಗೇ ಕೂಗಾಡಿದರು. ‘ಎಂದೂ ಬಿಟ್ಟುಕೊಡಬೇಡ’ ಎಂದು ಅಂಗಿಯ ಮೇಲೆ ಅಚ್ಚು ಹಾಕಿಸಿಕೊಂಡು ಇಪ್ಪತ್ತು ವರ್ಷ ಓಡಾಡಿದ ಮನುಷ್ಯ, ಎದುರಾಳಿ ಗುಂಥರ್ ಕತ್ತು ಬಿಗಿದಾಗ ಸಣ್ಣಗೆ ನಕ್ಕು, ಸೋಲೊಪ್ಪಿ ಕೈ ತಟ್ಟಿದ. ನನಗದು ಅವಮಾನ ಅನ್ನಿಸಲಿಲ್ಲ. ಹಿಂದೆ ಹೊಸಬರನ್ನು ಮೇಲೇಳಲು ಬಿಡುವುದಿಲ್ಲ ಎಂಬ ದೂರು ಸೀನಾ ಮೇಲೆ ಸಾಕಷ್ಟಿತ್ತು, ನಾನೂ ಬೈದವಳೇ. ಹೋಗುವಾಗ ಬಡ್ಡಿ ಸಮೇತ ತೀರಿಸಿ ಹೋದ.

ಪ್ರ: ಹಲ್ಕ್ ಹೋಗನ್ ಒಳ್ಳೆಯವನೋ ಕೆಟ್ಟವನೋ?

ಉ: ಜನಾಂಗದ ಬಗ್ಗೆ ಅವನಾಡಿದ ಮಾತುಗಳು 2015ರಲ್ಲಿ ಹೊರಬಂದವು. ಮಾಫಿ ಮಾಡದವರು ಬಹಳ ಮಂದಿ. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮೈಕ್ ಹಿಡಿದಾಗ ಛೀಮಾರಿಯೇ ಕೇಳಿಸಿತು, ಜುಲೈನಲ್ಲಿ ತೀರಿಕೊಂಡ. ರಿಂಗಿನ ಮಟ್ಟಿಗೆ ಕೇಳುವುದಾದರೆ 2002ರ ಟೊರೊಂಟೊ ಪಂದ್ಯ ನೋಡಿ. ಅವನು ಖಳ, ಎದುರಿಗೆ ನಾಯಕನಾದ ರಾಕ್, ಆದರೆ ಜನ ಗಂಟಲು ಹರಿಯುವಂತೆ ಕೂಗಿದ್ದು ಹೋಗನ್ ಹೆಸರು. ಇಬ್ಬರೂ ಆ ಗದ್ದಲಕ್ಕೆ ತಕ್ಕಂತೆ ಆಟವನ್ನು ಅಲ್ಲಲ್ಲೇ ತಿರುಗಿಸಿಕೊಂಡರು. ಮತ್ತು ಹೋಗನ್ ಸೋತ.

ಪ್ರ: ಸೋತವರು ಸೋತವರು ಅಂತೀರಲ್ಲ, ಹಾಗಾದರೆ ನಿಮ್ಮ ಹೀರೋ ಯಾರು?

ಉ: ಬ್ಯಾರಿ ಹೊರೊವಿಟ್ಜ್. ವಾರವಾರ ಟಿವಿಯಲ್ಲಿ ದೊಡ್ಡವರ ಕೈಲಿ ಸೋಲುವುದೇ ಅವನ ಉದ್ಯೋಗ. ಬೆನ್ನು ತಟ್ಟುವವರು ಯಾರೂ ಇಲ್ಲವೆಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳುತ್ತಿದ್ದ. 1995ರಲ್ಲಿ ಸ್ಕಿಪ್ ಎಂಬ ಜಂಬಗಾರನನ್ನು ಮಗುಚಿ ಗೆದ್ದ. ಅವತ್ತೂ ತಾನೇ ತಟ್ಟಿಕೊಂಡ.

ಪ್ರ: ಇಷ್ಟು ಸಂಚಿಕೆ ಆಯಿತು, ಗೋಲ್ಡ್‌ಬರ್ಗ್ ಬಗ್ಗೆ ಒಂದು ಸಾಲೂ ಇಲ್ಲ. 173 ಪಂದ್ಯ ಸೋಲದೆ ಗೆದ್ದವನೆಂದು ಹೆಸರಾದವನು! ಯಾಕಿಷ್ಟು ದ್ವೇಷ?

ಉ: 1999ರ ಡಿಸೆಂಬರ್ 19ರ ಸ್ಟಾರ್‌ಕೇಡ್ ಎಂಬ ಕೂಟದಲ್ಲಿ ಅವನು ಒದ್ದ ಒದೆ ಬ್ರೆಟ್ ಹಾರ್ಟ್ ತಲೆಗೆ ನಿಜವಾಗಿ ಬಿತ್ತು. ಮೆದುಳಿಗೆ ಪೆಟ್ಟಾಗಿ ಬ್ರೆಟ್‌ನ ವೃತ್ತಿಯೇ ಮುಗಿದುಹೋಯಿತು. ಗೋಲ್ಡ್‌ಬರ್ಗ್ ಬೇಕೆಂದು ಮಾಡಿದ್ದಲ್ಲ, ಪಶ್ಚಾತ್ತಾಪವನ್ನೂ ಹೇಳಿಕೊಂಡಿದ್ದಾನೆ, ಎಲ್ಲ ಒಪ್ಪಿದೆ. ಆದರೂ ಬ್ರೆಟ್ ಅಭಿಮಾನಿಯ ಹತ್ತಿರ ಬಂದು ಗೋಲ್ಡ್‌ಬರ್ಗ್ ಗುಣಗಾನ ಕೇಳಬೇಡಿ. ಸಂಪಾದಕರಿಗೆ ಬೇಕಿದ್ದರೆ ಇನ್ನೊಬ್ಬರ ಕೈಲಿ ಬರೆಸಿಕೊಳ್ಳಲಿ.