ವೈಫೈ ಕನೆಕ್ಟ್ ಆಗಿದೆ, ಟಿವಿ ಆ್ಯಪ್ ಮಾತ್ರ ಓಪನ್ ಆಗ್ತಿಲ್ಲ

ಮೊಬೈಲಲ್ಲಿ ವಿಡಿಯೊ ಸರಾಗವಾಗಿ ಬರುತ್ತೆ, ಅದೇ ವೈಫೈಯಲ್ಲಿ ಟಿವಿ ಆ್ಯಪ್ ಮಾತ್ರ ‘ನೆಟ್‌ವರ್ಕ್ ಇಲ್ಲ’ ಅನ್ನುತ್ತೆ ಅಂದಿರಲ್ಲ, ರೂಟರ್ ಮೇಲೆ ಕೈ ಹಾಕೋ ಮೊದಲು ಟಿವಿಯ ದಿನಾಂಕ, ಸಮಯ ನೋಡಿ. ಇಸವಿ ಹಿಂದಕ್ಕೆ ಹೋಗಿದ್ರೆ, ಸರ್ವರ್‌ನ ಭದ್ರತಾ ಸರ್ಟಿಫಿಕೇಟ್ (ಸರ್ವರ್ ಅಸಲಿ ಅಂತ ತೋರಿಸೋ ಡಿಜಿಟಲ್ ಗುರುತುಪತ್ರ) ಇನ್ನೂ ಚಾಲ್ತಿಗೇ ಬಂದಿಲ್ಲ ಅಂತ ತಿಳ್ಕೊಂಡು ಟಿವಿ ಸಂಪರ್ಕವನ್ನೇ ನಿರಾಕರಿಸುತ್ತೆ. ಆ್ಯಪ್ ಪಾಪ, ಅದನ್ನೂ ನೆಟ್‌ವರ್ಕ್ ದೋಷ ಅಂತಲೇ ತೋರಿಸಿಬಿಡುತ್ತೆ. ಸೆಟ್ಟಿಂಗ್ಸ್‌ನಲ್ಲಿ ‘ಆಟೋಮ್ಯಾಟಿಕ್’ ಆನ್ ಮಾಡಿ. ಆಗದಿದ್ರೆ ನೀವೇ ಹಾಕಿ, ಟೈಮ್‌ಝೋನ್ ಮರೀಬೇಡಿ. ಆಮೇಲೆ ಟಿವಿ ಪ್ಲಗ್ ಕಿತ್ತು ಒಂದು ನಿಮಿಷ ಬಿಟ್ಟು ಹಾಕಿ. ರಿಮೋಟ್‌ನಲ್ಲಿ ಆಫ್ ಮಾಡಿದ್ರೆ ಸಾಮಾನ್ಯವಾಗಿ ಅದು ಬರೀ ಸ್ಟ್ಯಾಂಡ್‌ಬೈ. ಇದಕ್ಕೂ ಬಗ್ಗದಿದ್ರೆ ಟಿವಿಯ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಡಿಎನ್‌ಎಸ್ (ಸೈಟ್ ಹೆಸರಿಗೆ ಇಂಟರ್ನೆಟ್ ವಿಳಾಸ ಹುಡುಕಿಕೊಡೋ ಸರ್ವರ್) ಜಾಗದಲ್ಲಿ ಗೂಗಲ್‌ನ 8.8.8.8 ಕೊಟ್ಟು ನೋಡಿ. ಫ್ಯಾಕ್ಟರಿ ರೀಸೆಟ್ ಮಾತ್ರ ಈಗಲೇ ಬೇಡ, ಎಲ್ಲ ಆ್ಯಪ್‌ಗೂ ಮತ್ತೆ ಪಾಸ್‌ವರ್ಡ್ ಹೊಡೀತಾ ಕೂರಬೇಕಾಗುತ್ತೆ.