ಕ್ಯಾನರಿ ವಾರ್ಫ್‌ನಲ್ಲಿ ನೋಡುವುದೇನಿದೆ?

ಪ್ರಶ್ನೆ: ಮಗಳ ಮನೆಗೆಂದು ಲಂಡನ್ನಿಗೆ ಹೊರಟಿದ್ದೇವೆ. ಕಚೇರಿಗಳೇ ತುಂಬಿರುವ ಕ್ಯಾನರಿ ವಾರ್ಫ್‌ನಲ್ಲಿ ನಮ್ಮಂಥವರು ನೋಡುವಂಥದ್ದು ಏನಾದರೂ ಇದೆಯೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಖಂಡಿತ ಇದೆ, ಅರ್ಧ ದಿನವನ್ನಾದರೂ ಅದಕ್ಕೆ ಮೀಸಲಿಡಿ. ಕೆರಿಬಿಯನ್ ದ್ವೀಪಗಳಲ್ಲಿ ಗುಲಾಮರ ದುಡಿಮೆಯಿಂದ ಬಂದ ಸಕ್ಕರೆಯನ್ನು ಇಳಿಸಿಕೊಳ್ಳಲು 1802ರಲ್ಲಿ ಇಲ್ಲಿ ತೆರೆದ ವೆಸ್ಟ್ ಇಂಡಿಯಾ ಹಡಗುಕಟ್ಟೆಗಳು, ಸರಕು ಸಾಗಣೆಯು ದೊಡ್ಡ ಕಂಟೇನರ್ ಹಡಗುಗಳಿಗೆ ಬದಲಾದ ಮೇಲೆ ಕೆಲಸ ಕಳೆದುಕೊಂಡು 1980ರಲ್ಲಿ ಮುಚ್ಚಿದವು. ಇಂದು ಅದೇ ನೀರಿನ ಅಂಚಿನಲ್ಲಿ, 1991ರಲ್ಲಿ ಪೂರ್ಣಗೊಂಡ 235 ಮೀಟರ್ ಎತ್ತರದ ಒನ್ ಕೆನಡಾ ಸ್ಕ್ವೇರ್ ಸೇರಿದಂತೆ ಬ್ಯಾಂಕುಗಳ ಗೋಪುರಗಳು ಎದ್ದಿವೆ.

ಆದರೆ ಗೋಪುರಗಳಿಗಿಂತ ಮೊದಲು ಹಳೆಯ ಸಕ್ಕರೆ ಉಗ್ರಾಣದೊಳಗಿನ ಡಾಕ್‌ಲ್ಯಾಂಡ್ಸ್ ವಸ್ತುಸಂಗ್ರಹಾಲಯಕ್ಕೆ ಹೋಗಬೇಕೆಂಬುದು ನನ್ನ ಆಗ್ರಹ. ಪ್ರವೇಶ ಉಚಿತ. ಗುಲಾಮಗಿರಿಯ ಹಣ ಈ ನಗರವನ್ನು ಹೇಗೆ ಬೆಳೆಸಿತೆಂಬುದನ್ನು ಅಲ್ಲಿ ಮುಚ್ಚುಮರೆಯಿಲ್ಲದೆ ತೋರಿಸಿದ್ದಾರೆ. ಅದನ್ನು ಕಾಣದೆ ಬಂದರೆ ಗಾಜಿನ ಕಟ್ಟಡಗಳಷ್ಟೇ ನೆನಪಿನಲ್ಲಿ ಉಳಿದಾವು.

ಹೋಗುವಾಗ ಎಲಿಜಬೆತ್ ಮಾರ್ಗದ ರೈಲು ಬೇಗ ತಲುಪಿಸುತ್ತದೆಯಾದರೂ, ಚಾಲಕರಿಲ್ಲದೆ ಓಡುವ ಡಾಕ್‌ಲ್ಯಾಂಡ್ಸ್ ಲಘು ರೈಲಿನ ಮುಂದಿನ ಆಸನವನ್ನೇ ಹಿಡಿಯಿರಿ, ದಾರಿಯುದ್ದಕ್ಕೂ ಹಡಗುಕಟ್ಟೆಗಳು ಕಾಣುತ್ತವೆ. ಕಾಲು ದಣಿದರೆ ಎಲಿಜಬೆತ್ ಮಾರ್ಗದ ನಿಲ್ದಾಣದ ಮೇಲಿರುವ ಛಾವಣಿ ಉದ್ಯಾನದಲ್ಲಿ ಹಣ ತೆರದೆ ಕುಳಿತು ವಿಶ್ರಮಿಸಬಹುದು.